ಎಡಗಾಲಿನ ಲೆಕ್ಕ

ನಮ್ಮ ಆಫೀಸಿನಲ್ಲಿ ವಾರಕ್ಕೆ ಎಷ್ಟು ಸಲ ‘ಮೈಲ್’ ಅನ್ನೋ ಶಬ್ದ ಬಂದುಹೋಗುತ್ತೆ ಅಂತ ಒಮ್ಮೆ ಸುಮ್ಮನೆ ಲೆಕ್ಕ ಇಟ್ಟಿದ್ದೆ. ಸೋಮವಾರ ಬೆಳಗಿನ ಮೀಟಿಂಗ್ ಒಂದರಲ್ಲೇ ‘ಮೈಲ್‌ಸ್ಟೋನ್’ ಒಂಬತ್ತು ಸಲ. ನಮ್ಮದು ಮನೆಮನೆಗೆ ಪಾರ್ಸೆಲ್ ತಲುಪಿಸುವವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ. ಹಾಗಾಗಿ ‘ಲಾಸ್ಟ್ ಮೈಲ್’ ಅಂತೂ ಲೆಕ್ಕಕ್ಕೇ ಸಿಗಲಿಲ್ಲ. ಶುಕ್ರವಾರ ಸಂಜೆ ಯಾರಿಗಾದರೂ ಚಪ್ಪಾಳೆ ಹೊಡೆಸುವಾಗ ‘ಎಕ್ಸ್‌ಟ್ರಾ ಮೈಲ್’. ಮಧ್ಯೆ ಊಟದ ಹೊತ್ತಿನಲ್ಲಿ, ಹೊಸ ಕಾರು ತಗೊಂಡ ಹುಡುಗನಿಗೆ ‘ಮೈಲೇಜ್ ಎಷ್ಟು ಕೊಡುತ್ತೆ?’ ಅನ್ನೋ ಪ್ರಶ್ನೆ. ಅವನು ಉತ್ತರ ಕೊಟ್ಟಿದ್ದು ಕಿಲೋಮೀಟರಿನಲ್ಲಿ. ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಇನ್ನೊಂದು ವಿಷಯವೂ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಇಷ್ಟೆಲ್ಲ ಮೈಲಿಗಳ ಆ ವಾರದಲ್ಲಿ ನಮ್ಮಲ್ಲಿ ಒಬ್ಬರೂ ಒಂದು ಮೈಲಿ ನಡೆದಿರಲಿಲ್ಲ. ಬೇಸ್‌ಮೆಂಟಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಕುರ್ಚಿಗೆ, ಕುರ್ಚಿಯಿಂದ ಕಾಫಿ ಮೆಷಿನ್ನಿಗೆ. ಅಷ್ಟೇ ನಮ್ಮ ಪ್ರಯಾಣ.

ನಮ್ಮಪ್ಪ ಮಾತ್ರ ಮೈಲಿ ಅಂದರೆ ನಡೆಯೋದು ಅಂತಲೇ ತಿಳಿದುಕೊಂಡಿದ್ದ ಮನುಷ್ಯ.

ಅಪ್ಪ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದ. ಈ ಕೆಲಸ ಏನು ಅಂತ ನನ್ನ ಬೆಂಗಳೂರಿನ ಗೆಳೆಯರಿಗೆ ಪ್ರತೀ ಸಲ ವಿವರಿಸಬೇಕಾಗುತ್ತೆ, ನಿಮಗೂ ಹೇಳಿಬಿಡ್ತೀನಿ. ಹಳಿಯನ್ನು ಸ್ಲೀಪರಿಗೆ ಬಿಗಿಯಾಗಿ ಹಿಡಿದಿಡೋದಕ್ಕೆ ಒಂದು ಕೀಲಿ ಇರುತ್ತೆ, ಕಬ್ಬಿಣದ ಬೆಣೆಯ ಹಾಗೆ. ರೈಲು ಓಡಾಡಿ ಓಡಾಡಿ ಅದು ಸಡಿಲವಾಗುತ್ತೆ. ಸಡಿಲವಾದದ್ದನ್ನು ಹುಡುಕಿ ಸುತ್ತಿಗೆಯಿಂದ ಬಡಿದು ಕೂರಿಸಬೇಕು. ಅದಕ್ಕೇ ಕೀಮ್ಯಾನ್. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಚೀಲದಲ್ಲಿ ಸ್ಪ್ಯಾನರ್, ಒಂದು ಕೆಂಪು ಬಾವುಟ, ಒಂದು ಹಸಿರು ಬಾವುಟ, ನೀರಿನ ಬಾಟಲಿ. ತನ್ನ ಪಾಲಿನ ಹಳಿಯನ್ನು ದಿನವೂ ನಡೆದು ನೋಡಬೇಕು. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು ಹಳಿ. ಮಳೆ ಬರಲಿ, ಬಿಸಿಲು ಸುಡಲಿ.

ಅರಸೀಕೆರೆ ದಾಟಿದ ಮೇಲೆ ಬರುವ ಒಂದು ಚಿಕ್ಕ ಸ್ಟೇಷನ್ನು ನಮ್ಮದು. ‘ನಾಲ್ಕು ಮೈಲಿ ಹೋಗೋದು, ನಾಲ್ಕು ಮೈಲಿ ಬರೋದು’ ಅನ್ನುತ್ತಿದ್ದ ಅಪ್ಪ. ಹಳಿ ಪಕ್ಕದ ಕಂಬಗಳ ಮೇಲೆ ಬರೆದಿದ್ದದ್ದು ಕಿಲೋಮೀಟರು. ಆದರೆ ಅಪ್ಪನಿಗೆ ಕೆಲಸ ಕಲಿಸಿದ ಗ್ಯಾಂಗಿನ ಮೇಟ್ ಹಳೇ ಕಾಲದವನು, ಅವನ ಬಾಯಲ್ಲಿ ಮೈಲಿಯೇ ಇತ್ತು. ಅದು ಅಪ್ಪನಿಗೂ ಬಂತು. ಸ್ಲೀಪರಿನ ಮೇಲೆ ನಡೆದೂ ನಡೆದೂ ಅವನ ಹೆಜ್ಜೆಯ ಅಳತೆಯೂ ಸ್ಲೀಪರಿನದೇ ಆಗಿತ್ತು. ಸಂತೆಗೆ ಹೋದರೂ ಅದೇ ಹೆಜ್ಜೆ. ಮದುವೆ ಮನೆಯಲ್ಲಿ ಎಲೆಗೆ ಕೂರೋಕೆ ಹೋಗುವಾಗಲೂ ಅದೇ. ಚಿಕ್ಕವಳಿದ್ದಾಗ ಅವನ ಜೊತೆ ನಡೆಯೋದಕ್ಕೆ ನಾನು ಎರಡಕ್ಕೆ ಮೂರು ಹೆಜ್ಜೆ ಹಾಕಬೇಕಿತ್ತು.

ಒಂದು ದಿನ ಆಫೀಸಿನಲ್ಲಿ ಬೇಜಾರಾದಾಗ ಎಕ್ಸೆಲ್ ತೆಗೆದು ಲೆಕ್ಕ ಹಾಕಿದೆ. ದಿನಕ್ಕೆ 8 ಮೈಲಿ, ರಜೆ ಕಳೆದು ವರ್ಷಕ್ಕೆ 280 ದಿನ, ಕೀಮ್ಯಾನ್ ಆಗಿ 22 ವರ್ಷ. 49,280 ಮೈಲಿ. ಭೂಮಿಯ ಸುತ್ತಳತೆ 24,900 ಮೈಲಿ. ಅಂದರೆ ಅಪ್ಪ ಹತ್ತಿರ ಹತ್ತಿರ ಎರಡು ಸಲ ಭೂಮಿ ಸುತ್ತಿದ್ದ. ಅವನು ನಿಜವಾಗಿ ನೋಡಿದ ಊರುಗಳಲ್ಲಿ ಅತಿ ದೂರದ್ದು ಅಂದರೆ ಈ ಕಡೆ ತಿರುಪತಿ, ಆ ಕಡೆ ಪಂಢರಪುರ.

ನಾನು ಮೊದಲು ಕಲಿತ ಮೈಲಿ ಅದಲ್ಲ, ಮೈಲಿಗಲ್ಲು. ಊರ ಹೊರಗೆ ಹುಣಸೆ ಮರದ ಕೆಳಗೆ ಒಂದಿತ್ತು. ಸ್ಕೂಲಿನಿಂದ ಬರುವಾಗ ಅದರ ಮೇಲೆ ಕುದುರೆ ಹತ್ತಿದ ಹಾಗೆ ಕೂರುತ್ತಿದ್ದೆವು. ಮನೆಯಲ್ಲಿ ಅಜ್ಜಿಗೆ ಮಡಿ-ಮೈಲಿಗೆಯ ಹುಚ್ಚು. ಯಾರ ಮನೆಗೆ ಹೋಗಿದ್ದೆ, ಯಾರನ್ನು ಮುಟ್ಟಿದೆ, ಕಾಲು ತೊಳೆದೆಯಾ. ಹಾಗಾಗಿ ಮೈಲಿಗಲ್ಲು ಅಂದರೆ ‘ಮೈಲಿಗೆ ಕಲ್ಲು’ ಅಂತ ನಾನು ತುಂಬ ದಿನ ನಂಬಿದ್ದೆ. ಅದನ್ನು ಮುಟ್ಟಿದ್ದು ಅಜ್ಜಿಗೆ ಗೊತ್ತಾದರೆ ಒಳಗೆ ಸೇರಿಸಲ್ಲ ಅಂತ ಹೆದರಿ, ಬಾಯಿಬಿಡದೆ ಕೈಕಾಲು ತೊಳೆದುಕೊಳ್ಳುತ್ತಿದ್ದೆ. ಅಪ್ಪನಿಗೆ ಈ ವಿಷಯ ಗೊತ್ತಾದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಮೇಲೆ ಹೇಳಿದ: ‘ಕಲ್ಲಿಗೆ ಯಾವ ಮೈಲಿಗೆ ಕಣವ್ವ? ಅದು ಎಲ್ಲಾ ಜಾತಿಯೋರಿಗೂ ಒಂದೇ ಲೆಕ್ಕ ಹೇಳ್ತದೆ.’

ಈ ಎಲ್ಲವನ್ನೂ ಬರೆಯೋಕೆ ಕಾರಣ ಹೋದ ವರ್ಷದ ಒಂದು ರಾತ್ರಿ.

ಅವತ್ತು ನಮ್ಮ ದೊಡ್ಡ ರಿಲೀಸ್ ಇತ್ತು. ನನ್ನ ಮೈಲ್‌ಸ್ಟೋನ್ ಪಟ್ಟಿಯಲ್ಲಿ ಕೊನೆಯದು. ಸಂಜೆ ಏಳರಿಂದಲೇ ಹದಿನಾಲ್ಕು ಜನ ಕಾಲ್‌ನಲ್ಲಿ ಕೂತಿದ್ದೆವು. ಒಂಬತ್ತೂವರೆ ಹೊತ್ತಿಗೆ ಏನೋ ಕೆಟ್ಟುಹೋಯಿತು. ನಾನು ಫೋನ್ ಸೈಲೆಂಟಿಗೆ ಹಾಕಿ, ಮೇಜಿನ ಮೇಲೆ ಬೋರಲು ಮಾಡಿ ಇಟ್ಟೆ.

ಅಮ್ಮ ಮೂರು ಸಲ ಫೋನ್ ಮಾಡಿದ್ದಳು. ಒಂಬತ್ತು ನಲವತ್ತಕ್ಕೆ, ಹತ್ತಕ್ಕೆ, ಹತ್ತೂಕಾಲಿಗೆ. ನಾನು ನೋಡಿದ್ದು ಹನ್ನೊಂದು ಇಪ್ಪತ್ತಕ್ಕೆ. ವಾಪಸ್ ಮಾಡಿದರೆ ಅಮ್ಮನ ದನಿ ತಣ್ಣಗಿತ್ತು. ‘ನಿಮ್ಮಪ್ಪ ಊಟ ಮಾಡ್ತಾ ಮಾಡ್ತಾ ಲೋಟ ಬೀಳಿಸಿದ. ಬಾಯಿ ಒಂದ್ ಕಡೆ ಸೊಟ್ಟಗಾದಂಗೆ ಐತೆ. ಮಲಗಿಸಿದೀನಿ. ನಿನ್ನ ಕೇಳಣ ಅಂತ ಕಾಯ್ತಿದ್ದೆ.’

ಕಾಯ್ತಿದ್ದೆ. ಆ ಒಂದು ಪದ ನನ್ನ ಕಿವಿಯಲ್ಲಿ ಇನ್ನೂ ಇದೆ.

ಕನ್ನಡದಲ್ಲಿ ದೂರ ಅಳೆಯೋಕೆ ನಮ್ಮದೇ ಪದಗಳಿವೆ. ಗೇಣು, ಮೊಳ, ಮಾರು. ದೊಡ್ಡ ದೂರಕ್ಕೆ ಹರದಾರಿ, ಅಂದರೆ ಸುಮಾರು ಮೂರು ಮೈಲಿ. ಅದಕ್ಕೂ ದೊಡ್ಡದು ಗಾವುದ. ಇವುಗಳ ನಡುವೆ ಸಂಖ್ಯೆಯೇ ಇಲ್ಲದ ಒಂದು ಅಳತೆ ಇದೆ: ಕೂಗಳತೆ. ಕೂಗಿದರೆ ಕೇಳಿಸುವಷ್ಟು ದೂರ. ನನಗೆ ಮೊಬೈಲು ಬಂದ ದಿನದಿಂದ ನಾನು ಕೂಗಳತೆಯಲ್ಲೇ ಇದ್ದೀನಿ ಅಂತ ಅಮ್ಮ ನಂಬಿದ್ದಳು. ಆ ರಾತ್ರಿ ಅವಳು ಮೂರು ಸಲ ಕೂಗಿದ್ದಳು.

ಪಕ್ಕದ ಮನೆಯವರ ಕಾರು ಹೊರಟು, ಜಿಲ್ಲಾ ಕೇಂದ್ರದ ಆಸ್ಪತ್ರೆ ಸೇರಿ, ತಲೆಯ ಸ್ಕ್ಯಾನ್ ಆಗುವ ಹೊತ್ತಿಗೆ ರಾತ್ರಿ ಎರಡೂವರೆ. ಡಾಕ್ಟರು ಮೊದಲು ಕೇಳಿದ ಪ್ರಶ್ನೆ, ‘ಶುರುವಾಗಿದ್ದು ಎಷ್ಟು ಗಂಟೆಗೆ?’ ಮೆದುಳಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಸ್ಟ್ರೋಕ್ ಆದರೆ ಆ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಒಂಬತ್ತೂವರೆಯಿಂದ ಎರಡೂವರೆ. ಐದು ಗಂಟೆ. ಲೆಕ್ಕ ನಾನೇ ಹಾಕಿಕೊಂಡೆ, ಯಾರೂ ಹೇಳಬೇಕಾಗಿರಲಿಲ್ಲ. ನಾನು ಅಲ್ಲಿಗೆ ತಲುಪಿದ್ದು ಬೆಳಗ್ಗೆ ಐದಕ್ಕೆ. ಅಪ್ಪನ ಎಡಗೈ, ಎಡಗಾಲು ಎರಡೂ ಹಾಸಿಗೆಯ ಮೇಲೆ ಬೇರೆ ಯಾರದೋ ಕೈಕಾಲಿನ ಹಾಗೆ ಬಿದ್ದಿದ್ದವು. ಭೂಮಿಯನ್ನು ಎರಡು ಸಲ ಸುತ್ತಿದ್ದ ಕಾಲು.

ನಾಲ್ಕನೇ ದಿನ ವಾರ್ಡಿನ ಕಾರಿಡಾರಿನಲ್ಲಿ ಕೂತಿದ್ದಾಗ ಆಫೀಸಿನಿಂದ ಮೇಲ್ ಬಂತು. ಇಡೀ ಟೀಮಿಗೆ ಕಳಿಸಿದ್ದು. ರಿಲೀಸ್ ರಾತ್ರಿ ನಾನು ತೋರಿಸಿದ ಬದ್ಧತೆಗೆ ಅಭಿನಂದನೆ. ‘ಎಕ್ಸ್‌ಟ್ರಾ ಮೈಲ್’ ಹೋಗಿದ್ದಕ್ಕೆ ಧನ್ಯವಾದ. ಕೆಳಗೆ ಹನ್ನೊಂದು ಜನರ ಹೆಬ್ಬೆರಳು, ಎರಡು ಪಟಾಕಿ. ಕಳಿಸಿದವರದ್ದೇನೂ ತಪ್ಪಿಲ್ಲ, ಅವರಿಗೆ ಗೊತ್ತಿರಲಿಲ್ಲ. ನನಗೆ ಮಾತ್ರ ಆ ಎರಡು ಪದಗಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಬೇರೆ ಯಾರ ಮೇಲೂ ಸಿಟ್ಟು ಮಾಡಿಕೊಳ್ಳೋಕೆ ಆಗದಿದ್ದಾಗ ಪದಗಳ ಮೇಲಾದರೂ ಮಾಡಿಕೊಳ್ಳಬೇಕಲ್ಲ. ಎಲ್ಲಿಂದ ಬಂತು ಈ ದರಿದ್ರ ಎಕ್ಸ್‌ಟ್ರಾ ಮೈಲು ಅಂತ ಫೋನಿನಲ್ಲೇ ಹುಡುಕೋಕೆ ಕೂತೆ. ಆಸ್ಪತ್ರೆಯಲ್ಲಿ ಹೊತ್ತು ಹೋಗಬೇಕು ನೋಡಿ.

ಬೈಬಲಿನಿಂದ ಬಂದದ್ದಂತೆ. ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯ. ಯೇಸುವಿನ ಕಾಲಕ್ಕೆ ಆ ನಾಡು ರೋಮನ್ನರ ಆಳ್ವಿಕೆಯಲ್ಲಿತ್ತು. ರೋಮಿನ ಸೈನಿಕರು ದಾರಿಯಲ್ಲಿ ಸಿಕ್ಕ ಸ್ಥಳೀಯರನ್ನು ಹಿಡಿದು ತಮ್ಮ ಹೊರೆ ಹೊರಿಸಬಹುದಾಗಿತ್ತು. ಕೂಲಿ ಇಲ್ಲ, ಕೇಳುವ ಹಾಗಿಲ್ಲ. ಹಾಗೆ ಬಲವಂತವಾಗಿ ಒಂದು ಮೈಲಿ ಕರೆದುಕೊಂಡು ಹೋದರೆ, ನೀನಾಗಿಯೇ ಇನ್ನೊಂದು ಮೈಲಿ ನಡೆ ಅನ್ನೋ ಅರ್ಥದ ಮಾತು ಅಲ್ಲಿ ಬರುತ್ತೆ. ಆಳುವವನ ಎದುರು ತುಳಿತಕ್ಕೆ ಸಿಕ್ಕವನು ತನ್ನ ಮರ್ಯಾದೆ ಉಳಿಸಿಕೊಳ್ಳುವ ದಾರಿ ಅಂತ ಕೆಲವರು ಅದನ್ನು ಓದುತ್ತಾರೆ, ಹಗೆಗೂ ಪ್ರೀತಿ ತೋರಿಸು ಅಂತ ಇನ್ನು ಕೆಲವರು. ಅದೇನೇ ಇರಲಿ, ಮೊದಲನೇ ಮೈಲಿ ಏನು ಅನ್ನೋದರಲ್ಲಿ ಅನುಮಾನವಿಲ್ಲ. ನಮ್ಮ ಕಡೆ ಅದಕ್ಕೆ ‘ಬಿಟ್ಟಿ’ ಅಂತಾರೆ. ಬಿಟ್ಟಿ ಚಾಕರಿ. ಸಂಸ್ಕೃತದ ವಿಷ್ಟಿಯಿಂದ ಬಂದ ಮಾತು. ಅಂದರೆ ನಮ್ಮ ಆಫೀಸುಗಳು ಚಪ್ಪಾಳೆ ಹೊಡೆದು ಕೊಂಡಾಡುವ ಎಕ್ಸ್‌ಟ್ರಾ ಮೈಲಿನ ಹಿಂದೆ ಒಂದು ಬಿಟ್ಟಿ ಮೈಲಿ ಇದೆ.

ಇದನ್ನು ಓದಿ ಸಿಟ್ಟು ಕಡಿಮೆಯಾಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ. ಯಾಕೆಂದರೆ ನನ್ನನ್ನು ಯಾವ ಸೈನಿಕನೂ ಹಿಡಿದಿರಲಿಲ್ಲ. ಫೋನು ಬೋರಲು ಮಾಡು ಅಂತ ಯಾರೂ ಹೇಳಿರಲಿಲ್ಲ. ಒಂದು ನಿಮಿಷ ಎದ್ದುಹೋಗಿ ಬರ್ತೀನಿ ಅಂದಿದ್ದರೆ ಆ ಹದಿಮೂರು ಜನರಲ್ಲಿ ಒಬ್ಬರೂ ಬೇಡ ಅನ್ನುತ್ತಿರಲಿಲ್ಲ. ನಾನು ಹೋಗಿದ್ದು ಎರಡನೇ ಮೈಲಿ. ನನ್ನಷ್ಟಕ್ಕೆ ನಾನೇ ನಡೆದದ್ದು.

ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ಮೈಲಿ ಅನ್ನೋ ಪದದ ಬುಡಕ್ಕೇ ಹೋದೆ. ಲ್ಯಾಟಿನ್ನಿನಲ್ಲಿ ‘ಮಿಲ್ಲೆ’ ಅಂದರೆ ಸಾವಿರ. ‘ಪಾಸುಸ್’ ಅಂದರೆ ಹೆಜ್ಜೆ. ರೋಮನ್ನರ ಮೈಲಿಯ ಪೂರ್ತಿ ಹೆಸರು ‘ಸಾವಿರ ಹೆಜ್ಜೆ’. ಆ ಪದ ಬಾಯಿಂದ ಬಾಯಿಗೆ, ಭಾಷೆಯಿಂದ ಭಾಷೆಗೆ ಹೋಗುತ್ತಾ ಇಂಗ್ಲಿಷ್ ಸೇರುವ ಹೊತ್ತಿಗೆ ‘ಹೆಜ್ಜೆ’ ಬಿದ್ದುಹೋಗಿ ಬರೀ ‘ಸಾವಿರ’ ಉಳಿದಿತ್ತು. ಅದೇ ಸಾವಿರ ಮಿಲಿಮೀಟರಿನಲ್ಲೂ ಇದೆ, ಮಿಲೇನಿಯಮ್ಮಿನಲ್ಲೂ ಇದೆ. ಮಿಲಿಯನ್ ಅಂದರೂ ಮೂಲದಲ್ಲಿ ‘ದೊಡ್ಡ ಸಾವಿರ’. ಒಟ್ಟಿನಲ್ಲಿ ನಾವು ಮೈಲಿ ಅಂದಾಗಲೆಲ್ಲ ಹೇಳುತ್ತಿರೋದು ಸಾವಿರ ಅಂತ. ಸಾವಿರ ಏನು ಅನ್ನೋದು ಮರೆತೇ ಹೋಗಿದೆ.

ಅಪ್ಪನಿಗೆ ಮಾತು ನಿಧಾನಕ್ಕೆ ಬರೋಕೆ ಶುರುವಾಗಿತ್ತು. ಸ್ವಲ್ಪ ತೊದಲು, ಆದರೆ ಅರ್ಥವಾಗುತ್ತಿತ್ತು. ಅವನ ಜೊತೆ ಸುಮ್ಮನೆ ಮಾತಾಡ್ತಾ ಇರಿ ಅಂತ ಹೇಳಿದ್ದರು. ಏನು ಮಾತಾಡೋದು? ಬೆಂಗಳೂರಿಗೆ ಬಂದು ಹತ್ತು ವರ್ಷದಲ್ಲಿ ಅಪ್ಪನ ಜೊತೆ ಊಟ ಆಯ್ತಾ, ಮಳೆ ಬಂತಾ ಬಿಟ್ಟು ನಾನು ಬೇರೆ ಏನಾದರೂ ಮಾತಾಡಿದ್ದು ನೆನಪಿಗೇ ಬರಲಿಲ್ಲ. ಕೊನೆಗೆ ಕಾರಿಡಾರಿನಲ್ಲಿ ಓದಿದ ಮೈಲಿ ಕಥೆಯನ್ನೇ ಹೇಳೋಕೆ ಶುರು ಮಾಡಿದೆ.

‘ಅಪ್ಪ, ಮೈಲಿ ಅಂದ್ರೆ ಸಾವಿರ ಹೆಜ್ಜೆಯಂತೆ. ರೋಮಿನ ಸೈನಿಕರು ನಡೆದು ಅಳೀತಿದ್ದದ್ದು.’

ಅಪ್ಪ ಕಣ್ಣು ಮುಚ್ಚಿಕೊಂಡ. ನಿದ್ದೆ ಹೋದ ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ, ‘ಸುಳ್ಳು’ ಅಂದ. ‘ಸಾವ್ರ ಹೆಜ್ಜೆಗೆ ಮೈಲಿ ಆಗಕಿಲ್ಲ. ಎರಡು ಸಾವ್ರದ ಮೇಲೆ ಬೇಕು.’

ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ಅವನು ಹೇಳಿದ್ದು ಸರಿಯಾಗಿತ್ತು, ಆ ವಿವರವನ್ನು ನಾನು ಹೇಳೋದು ಬಿಟ್ಟಿದ್ದೆ. ರೋಮನ್ನರ ಒಂದು ಪಾಸುಸ್ ಅಂದರೆ ನಮ್ಮ ಎರಡು ಹೆಜ್ಜೆ. ಒಂದು ಕಾಲು ನೆಲ ಬಿಟ್ಟು, ಮತ್ತೆ ಅದೇ ಕಾಲು ನೆಲ ಮುಟ್ಟಿದರೆ ಒಂದು. ಅದು ಅವರ ಅಡಿಯಲ್ಲಿ ಐದು ಅಡಿ. ಸಾವಿರ ಸಲ ಹಾಗೆ ನಡೆದರೆ ಐದು ಸಾವಿರ ಅಡಿ, ಇವತ್ತಿನ ಲೆಕ್ಕದಲ್ಲಿ ಸುಮಾರು 1,480 ಮೀಟರ್. ಇದನ್ನು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ:

‘ಯಾವ ಕಾಲು ಎಣಿಸ್ತಿದ್ರು?’

ಅದು ನನಗೆ ಎಲ್ಲೂ ಸಿಗಲಿಲ್ಲ. ನಡೆದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು.

ಆಮೇಲೆ ದಿನಾ ಸಂಜೆ ಒಂದು ಮೈಲಿ ಕಥೆ ಅಂತಾಯಿತು. ರೋಮನ್ನರ ದಾರಿಗಳ ಉದ್ದಕ್ಕೂ ಕಲ್ಲಿನ ಕಂಬಗಳು ಇರುತ್ತಿದ್ದದ್ದು, ಅವುಗಳ ಮೇಲೆ ದೂರದ ಜೊತೆಗೆ ಚಕ್ರವರ್ತಿಯ ಹೆಸರು ಕೆತ್ತುತ್ತಿದ್ದದ್ದು. ‘ಹಳಿ ಹಾಕಿದೋನ ಹೆಸರು ಯಾವತ್ತೂ ಇರಕಿಲ್ಲ’ ಅಂದ ಅಪ್ಪ.

ಇಂಗ್ಲಿಷರ ಮೈಲಿ ಹೇಗೆ ಉದ್ದವಾಯಿತು ಅನ್ನೋದು ಅವನಿಗೆ ತುಂಬಾ ಹಿಡಿಸಿತು. ಅಲ್ಲಿನ ರೈತರಿಗೆ ಮುಖ್ಯವಾಗಿದ್ದದ್ದು ಮೈಲಿಯಲ್ಲ, ಫರ್ಲಾಂಗು. ಫರ್ಲಾಂಗು ಅಂದರೆ ‘ಫರೋ’ ಮತ್ತು ‘ಲಾಂಗ್’, ನೇಗಿಲ ಸಾಲಿನ ಉದ್ದ. 660 ಅಡಿ. ಎಂಟು ಫರ್ಲಾಂಗಿಗೆ ಒಂದು ಮೈಲಿ ಅಂತ ಮಾಡಹೊರಟರೆ 5,280 ಅಡಿ ಆಗುತ್ತೆ, ಆದರೆ ಹಳೇ ಮೈಲಿ ಐದು ಸಾವಿರ ಅಡಿಯ ಲೆಕ್ಕದ್ದು. ಏನು ಮಾಡೋದು? ಜಮೀನಿನ ಅಳತೆಯೆಲ್ಲ ಫರ್ಲಾಂಗಿನ ಮೇಲೆ ನಿಂತಿತ್ತು. ಫರ್ಲಾಂಗು ಮುಟ್ಟಿದರೆ ಊರೂರಲ್ಲೂ ಬದುವಿನ ಜಗಳ. ಹಾಗಾಗಿ ಮೈಲಿಯನ್ನೇ ಎಳೆದು ಉದ್ದ ಮಾಡಿದರು. 1593ರಲ್ಲಿ, ಮೊದಲನೇ ಎಲಿಜಬೆತ್ ರಾಣಿಯ ಕಾಲದ ಪಾರ್ಲಿಮೆಂಟಿನಲ್ಲಿ. ತಮಾಷೆ ಅಂದರೆ ಅದು ಅಳತೆಯ ಕಾನೂನೇ ಅಲ್ಲ. ಲಂಡನ್ನಿನಲ್ಲಿ ಜನ ತುಂಬಿಹೋದರು, ಊರಿನಿಂದ ಮೂರು ಮೈಲಿಯೊಳಗೆ ಹೊಸ ಮನೆ ಕಟ್ಟಬೇಡಿ ಅನ್ನೋ ಕಾನೂನು. ಮೂರು ಮೈಲಿ ಅಂದರೆ ಎಷ್ಟು ಅನ್ನೋ ತಕರಾರು ಬರಬಾರದು ಅಂತ ಮೈಲಿಯ ಅಳತೆಯನ್ನೂ ಅದರಲ್ಲೇ ಬರೆದರು. ಜನ ಬರೋದು ನಿಲ್ಲಲಿಲ್ಲ, ಮೈಲಿ ಮಾತ್ರ ಉಳಿಯಿತು. ಬೆಂಗಳೂರಿನವಳಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಅಪ್ಪ ಮಾತ್ರ ನೇಗಿಲ ಸಾಲಿನಲ್ಲೇ ನಿಂತಿದ್ದ. ‘ಎತ್ತು ಒಂದೇ ದಮ್ಮಿಗೆ ಎಳೆಯೋ ಉದ್ದ ಇರಬೇಕು’ ಅಂದ. ‘ಸಾಲಿನ ಕೊನೇಲಿ ನಿಲ್ಲಿಸಿ ಉಸಿರು ಬಿಡಿಸಬೇಕಲ್ಲ.’ ಫರ್ಲಾಂಗಿನ ಬಗ್ಗೆ ಪಂಡಿತರು ಕೊಡುವ ವಿವರಣೆಯೂ ಹೆಚ್ಚುಕಡಿಮೆ ಇದೇ.

ಒಬ್ಬೊಬ್ಬರ ಮೈಲಿ ಒಂದೊಂದು ಉದ್ದ ಅನ್ನೋದನ್ನೂ ಹೇಳಿದೆ. ಇಂಗ್ಲಿಷ್ ಮೈಲಿ 1,760 ಗಜ ಆದರೆ ಹಳೇ ಐರಿಷ್ ಮೈಲಿ 2,240 ಗಜ. ಹಡಗಿನವರ ಮೈಲಿ 1,852 ಮೀಟರ್, ಅದು ಹೆಜ್ಜೆಯಿಂದಲ್ಲ, ಭೂಮಿಯ ದುಂಡನ್ನು ಭಾಗ ಮಾಡಿ ತೆಗೆದದ್ದು. ಸ್ವೀಡನ್ನಿನಲ್ಲಿ ಇವತ್ತಿಗೂ ಒಂದು ‘ಮಿಲ್’ ಅಂದರೆ ಹತ್ತು ಕಿಲೋಮೀಟರ್. ‘ಅಲ್ಲಿ ಕೀಮ್ಯಾನ್ ಆಗಬಾರದು’ ಅಂದ ಅಪ್ಪ. ಸ್ಟ್ರೋಕ್ ಆದ ಮೇಲೆ ಅವನು ಹೇಳಿದ ಮೊದಲ ಜೋಕು ಅದು. ಪಕ್ಕದ ಮಂಚದವರೂ ನಕ್ಕರು.

ಅವನಿಗೇ ಗೊತ್ತಿಲ್ಲದ ಅವನ ಹಳಿಯ ಕಥೆಯೂ ಒಂದಿತ್ತು. ಅಪ್ಪ ಕೆಲಸಕ್ಕೆ ಸೇರಿದಾಗ ನಮ್ಮ ಕಡೆ ಇದ್ದದ್ದು ಮೀಟರ್ ಗೇಜ್. ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. ಬ್ರಿಟಿಷರ ಕಾಲದಲ್ಲಿ ಎಲ್ಲವೂ ಅಡಿ, ಗಜ, ಮೈಲಿ ಇರುವಾಗ ಇದೊಂದು ಮಾತ್ರ ಮೀಟರ್ ಯಾಕೆ? 1870ರ ಆಸುಪಾಸಿನಲ್ಲಿ ಲಾರ್ಡ್ ಮೇಯೋ ವೈಸರಾಯ್ ಆಗಿದ್ದಾಗ ಇಂಡಿಯಾಕ್ಕೆ ಮೆಟ್ರಿಕ್ ಅಳತೆ ತರುವ ಯೋಚನೆ ನಡೆದಿತ್ತು. ಅದನ್ನು ನೆಚ್ಚಿಕೊಂಡು ಅಗ್ಗದ ರೈಲುದಾರಿಗೆ ಒಂದು ಮೀಟರ್ ಅಗಲ ಅಂತ ನಿಗದಿ ಮಾಡಿದರು. ಹಳಿ ಬಂತು, ಮೆಟ್ರಿಕ್ ಬರಲಿಲ್ಲ. ಅದು ಕಾನೂನಾಗಿ ಬಂದದ್ದು ಸ್ವಾತಂತ್ರ್ಯದ ನಂತರ, 1956ರಲ್ಲಿ. ಅಲ್ಲಿಯವರೆಗೆ ಈ ಹಳಿಗಳ ಅಗಲ ಮೀಟರಿನಲ್ಲಿ, ಉದ್ದ ಮೈಲಿಯಲ್ಲಿ.

ಅಪ್ಪ ಇದನ್ನು ಕೇಳಿ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, ‘ಅಗಲ ಯಾರದಾದ್ರೂ ಆಗ್ಲಿ, ಉದ್ದ ನಂದು’ ಅಂದ.

ಹದಿಮೂರನೇ ದಿನ ಮನೆಗೆ ಕಳಿಸಿದರು. ಹೊರಡುವಾಗ ಫಿಸಿಯೋಥೆರಪಿಸ್ಟ್ ಹುಡುಗಿ, ನನ್ನ ಅರ್ಧ ವಯಸ್ಸಿನವಳ ಹಾಗೆ ಕಾಣುತ್ತಿದ್ದಳು, ಅಪ್ಪನ ಕೈ ಹಿಡಿದು ಹೇಳಿದಳು: ‘ಅಂಕಲ್, ಮೊದಲು ಹಿಡಿದುಕೊಂಡು ನಿಲ್ಲೋದು. ಆಮೇಲೆ ವಾಕರ್. ನಿಧಾನಕ್ಕೆ ದಿನಕ್ಕೆ ಸಾವಿರ ಹೆಜ್ಜೆ ಹಾಕೋ ಹಂಗಾಗಬೇಕು. ಅಷ್ಟು ಮಾಡಿದ್ರೆ ನೀವು ಗೆದ್ದಂಗೆ.’

ಅಪ್ಪ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಪಾಪ, ಆ ಹುಡುಗಿಗೆ ನಾವು ಯಾಕೆ ನಗುತ್ತಿದ್ದೀವಿ ಅಂತ ಗೊತ್ತಾಗಲಿಲ್ಲ.

ಮನೆಯ ಮುಂದೆ ಅಂಗಳದಲ್ಲಿ ತೆಂಗಿನ ಮರದಿಂದ ಬಚ್ಚಲ ಮನೆಯ ಗೋಡೆಯವರೆಗೆ ಒಂದು ಹಗ್ಗ ಕಟ್ಟಿದೆವು, ಆಯ ತಪ್ಪಿದರೆ ಹಿಡಿದುಕೊಳ್ಳೋಕೆ. ನಾನು ಒಂದು ತಿಂಗಳು ರಜೆ ಹಾಕಿದೆ. ವಾಕರ್ ಹಿಡಿದು ಅಪ್ಪ ನಡೆಯೋಕೆ ಶುರು ಮಾಡಿದ ಮೊದಲ ದಿನ ನಾನು ಪಕ್ಕದಲ್ಲಿ ಎಣಿಸುತ್ತಿದ್ದೆ. ಬಲಗಾಲಿಗೆ ಒಂದು, ಎಡಗಾಲಿಗೆ ಎರಡು, ಬಲಗಾಲಿಗೆ ಮೂರು.

‘ಹಂಗಲ್ಲ’ ಅಂದ ಅಪ್ಪ. ‘ಬಲಗಾಲು ತಾನಾಗೇ ಬರ್ತದೆ, ಅದಕ್ಕೇನು ಲೆಕ್ಕ? ಎಡಗಾಲು ಮುಂದೆ ಬಂದ್ರೆ ಮಾತ್ರ ಎಣಿಸು.’

ಅವತ್ತು ಅವನ ಲೆಕ್ಕದಲ್ಲಿ ಹನ್ನೊಂದು. ಎಡಗಾಲನ್ನು ಸೊಂಟದಿಂದ ಎತ್ತಿ, ಹೊರಗಡೆಯಿಂದ ಬಳಸಿ, ಮುಂದೆ ತಂದು ಇಡೋದಕ್ಕೆ ಪ್ರತೀ ಸಲ ಅವನ ಹಣೆಯ ನರ ಉಬ್ಬುತ್ತಿತ್ತು. ಹನ್ನೊಂದನೆಯದಾದ ಮೇಲೆ ಕುರ್ಚಿಗೆ ಕೂತು, ಬೆವರು ಒರೆಸಿಕೊಂಡು, ತೆಂಗಿನ ಮರದ ಕಡೆ ಕೈ ತೋರಿಸಿ, ‘ನಾಳೆ ಅಲ್ಲಿಗಂಟ’ ಅಂದ.

ಆ ಒಂದು ತಿಂಗಳಲ್ಲಿ ಒಂದು ಸಂಜೆ ನಾನು ಹೇಳಬೇಕಾದದ್ದನ್ನು ಹೇಳಿದೆ. ಅವತ್ತು ಫೋನ್ ಎತ್ತಿದ್ದರೆ ಎರಡು ಗಂಟೆ ಮುಂಚೆ ಆಸ್ಪತ್ರೆ ಸೇರುತ್ತಿದ್ದೆ, ಇಂಜೆಕ್ಷನ್ ಸಿಗುತ್ತಿತ್ತೇನೋ, ಕಾಲು ಉಳಿಯುತ್ತಿತ್ತೇನೋ ಅಂತ. ಅಮ್ಮ ಒಳಗೆ ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಅಪ್ಪ ‘ಹೋಗ್ಲಿ ಬಿಡು’ ಅನ್ನಲಿಲ್ಲ. ಹಾಗಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಆದರೆ ಅವನು ಸುಳ್ಳು ಹೇಳೋ ಮನುಷ್ಯನಲ್ಲ.

‘ಕೀಲಿ ಸಡಿಲ ಆಗಿದ್ದು ಕಾಣದೆ ದಾಟಿ ಹೋಗೋದು ಒಂದೊಂದು ಸಲ ಆಗ್ತದೆ’ ಅಂದ. ‘ನಂಗೂ ಆಗೈತೆ. ಅದಕ್ಕೇ ಬರುವಾಗ ಇನ್ನೊಂದ್ ಹಳಿ ಮೇಲೆ ಬರೋದು. ಆ ಕಡೆಯಿಂದ ಕಂಡ್ರೂ ಕಾಣಬೋದು.’

ಅಷ್ಟೇ ಹೇಳಿದ್ದು. ಆಮೇಲೆ ಕಾಫಿ ಕೇಳಿದ.

ಈಗ ನಾನು ಮತ್ತೆ ಬೆಂಗಳೂರಿನಲ್ಲಿದ್ದೀನಿ. ಕೆಲಸ ಬಿಟ್ಟೆ, ಊರಿಗೆ ಹೋಗಿ ಕೃಷಿ ಮಾಡ್ತಿದ್ದೀನಿ ಅಂತೆಲ್ಲ ಹೇಳಿದರೆ ಅಂಕಣಕ್ಕೆ ಒಳ್ಳೆ ಮುಕ್ತಾಯ ಆಗುತ್ತಿತ್ತು. ಹಾಗೇನೂ ಆಗಿಲ್ಲ. ಅದೇ ಆಫೀಸು, ಅದೇ ಮೈಲ್‌ಸ್ಟೋನು. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಸಂಜೆಯ ರೈಲು ಹಿಡಿದು ಊರಿಗೆ ಹೋಗ್ತೀನಿ. ರಿಲೀಸ್ ರಾತ್ರಿಗಳಲ್ಲಿ ಫೋನು ಮೇಜಿನ ಮೇಲೆ ಅಂಗಾತ ಇರುತ್ತೆ, ದನಿ ಪೂರ್ತಿ ಮೇಲಿರುತ್ತೆ. ಮೀಟಿಂಗಿನ ಮಧ್ಯೆ ಅಮ್ಮನ ಫೋನು ಬಂದರೆ ಎಲ್ಲರಿಗೂ ಕೇಳುತ್ತೆ. ಕೇಳಲಿ ಬಿಡಿ. ಮೊನ್ನೆ ಟೀಮಿನ ಒಬ್ಬ ಹುಡುಗನನ್ನು ಹೊಗಳಿ ಮೇಲ್ ಬರೆಯುವಾಗ ಎಕ್ಸ್‌ಟ್ರಾ ಮೈಲ್ ಅಂತ ಟೈಪ್ ಮಾಡಿ, ಅಳಿಸಿ, ‘ಶನಿವಾರ ನಿನ್ನ ಕೈಯಲ್ಲಿ ಕೆಲಸ ಮಾಡಿಸಿದ್ದಕ್ಕೆ ಕ್ಷಮೆ ಇರಲಿ, ಸೋಮವಾರ ರಜೆ ತಗೋ’ ಅಂತ ಬರೆದೆ.

ದಿನಾ ರಾತ್ರಿ ಎಂಟಕ್ಕೆ ಅಪ್ಪನ ಫೋನು. ಹಲೋ ಇಲ್ಲ, ಊಟ ಆಯ್ತಾ ಇಲ್ಲ, ನೇರ ಸಂಖ್ಯೆ.

‘ಇವತ್ತು ನಾನೂರ ಹನ್ನೆರಡು.’

‘ಎಡಗಾಲಿಂದಾ?’

‘ಇನ್ಯಾವ್ದು? ನಿಂದೆಷ್ಟು?’

ನಾನು ಕೈಗಡಿಯಾರ ನೋಡ್ತೀನಿ. ‘ಮೂರು ಸಾವಿರದ ಇನ್ನೂರು ತೋರಿಸ್ತಿದೆ ಅಪ್ಪ.’

‘ಎರಡೂ ಕಾಲಿನ ಲೆಕ್ಕ ಹೇಳಬ್ಯಾಡ. ಒಂದೇ ಕಾಲಿಂದು ಹೇಳು.’

‘ಸಾವಿರದ ಆರುನೂರು.’

‘ಒಂದೂವರೆ ಮೈಲಿ’ ಅಂತಾನೆ ಅಪ್ಪ. ‘ಪರವಾಗಿಲ್ಲ. ನಾಳೆ ಇನ್ನೊಂಚೂರು ನಡಿ.’